ಹಾರ್ಮೋನಿಯಂ, ಕೀಬೋರ್ಡ್, ಡಿಜಿಟಲ್ ಪಿಯಾನೊ: ನಿಮ್ಮ ಬೆರಳಿಗೆ ಯಾವುದು?

ಕೊಪ್ಪಳದ ಭಜನಾ ಮಂಡಳಿಯಲ್ಲಿ ನುಡಿಸಲು ಈ ಮೂರರಲ್ಲಿ ಯಾವುದನ್ನು ಕೊಳ್ಳಲಿ ಎಂದು ಕೇಳಿದ್ದೀರಿ. ಮನೆಗಳ (ಬೆರಳಿನಿಂದ ಒತ್ತುವ ಕೀಗಳ) ಜೋಡಣೆ ಒಂದೇ ಆದರೂ ಕೈ ಪಳಗಬೇಕಾದ ರೀತಿ ಬೇರೆ.

ಹಾರ್ಮೋನಿಯಂನಲ್ಲಿ ಮನೆಯನ್ನು ಎಷ್ಟು ಜೋರಾಗಿ ಹೊಡೆದರೂ ಧ್ವನಿ ಏರದು. ಏರಿಳಿತವೆಲ್ಲ ಗಾಳಿ ಊದುವ ತಿದಿಯನ್ನು ಒತ್ತುವ ಎಡಗೈಯದು. ಮನೆ ಒತ್ತಿ ಗಾಳಿ ಕೊಡುವಷ್ಟು ಹೊತ್ತು ಸ್ವರ ಮುಂದುವರಿಯುವುದರಿಂದ, ಒಂದು ಬೆರಳು ಏಳುವ ಹೊತ್ತಿಗೆ ಇನ್ನೊಂದು ಕೂತಿರಬೇಕು. ದಾಸರ ಪದಕ್ಕೆ, ತತ್ವಪದಕ್ಕೆ ಇದಕ್ಕಿಂತ ಹಿತವಾದ ಜೊತೆಯನ್ನು ನಾನು ಕೇಳಿಲ್ಲ. ನಾಟಕ ಕಂಪನಿಗಳ ಲೆಗ್ ಹಾರ್ಮೋನಿಯಂನಲ್ಲಿ ತಿದಿಯ ಕೆಲಸ ಕಾಲಿಗೆ ಹೋಗಿ ಎರಡೂ ಕೈ ಬಿಡುವಾಗುತ್ತವೆ. ಕರೆಂಟು ಹೋದರೂ ಹಾಡು ನಿಲ್ಲದು. ಆದರೆ ಗಾಳಿಗೆ ಕಂಪಿಸಿ ಸ್ವರ ಹೊರಡಿಸುವ ಲೋಹದ ರೀಡುಗಳಿಗೆ ಧೂಳು ಆಗದು, ಮುಚ್ಚಿಡಿ.

ಪಿಯಾನೊದ ಸ್ವರ ಹುಟ್ಟಿದ ಕ್ಷಣದಿಂದಲೇ ಕ್ಷೀಣಿಸುತ್ತದೆ. ಬೆರಳಿನ ವೇಗವೇ ಅದರ ಬಲ. ನಿಧಾನದ ಹಾಡಿಗೆ ಸ್ವರವನ್ನು ಹಿಡಿದಿಡುವ ಕಾಲಿನ ಪೆಡಲ್ ಬೇಕು. ಒತ್ತಿದಾಗ ಭಾರ ತೋರುವ 88 ಮನೆಗಳು ಬೆರಳನ್ನು ಚೆನ್ನಾಗಿ ಪಳಗಿಸುತ್ತವೆ. ಬೆಲೆಯೂ ಭಾರವೂ ಹೆಚ್ಚು, ಮನೆಯಲ್ಲೇ ಕಲಿಯುವವರಿಗೆ ಸರಿ.

61 ಮನೆಯ ಕೀಬೋರ್ಡಿನಲ್ಲಿ ವಾದ್ಯದ ಧ್ವನಿ ಬದಲಾದಂತೆ ಕೈಯೂ ಬದಲಾಗಬೇಕು: ಕೊಳಲಿಗೆ ಉಸಿರಿನ ಬಿಡುವು ಕೊಡಿ, ಪಿಟೀಲಿಗೆ ಸ್ವರವನ್ನು ಏರಿಸಿ ಇಳಿಸುವ ಪಿಚ್ ಚಕ್ರದಿಂದ ಜಾರಿಸಿ. ಗಾಯಕರು ಬದಲಾದಾಗ ಟ್ರಾನ್ಸ್‌ಪೋಸ್ ಗುಂಡಿ ಒತ್ತಿದರೆ ಶ್ರುತಿ ಹೊಂದುತ್ತದೆ. ಚಿತ್ರಗೀತೆ, ಮದುವೆ ಕಾರ್ಯಕ್ರಮಗಳೂ ಇದ್ದರೆ ಇದನ್ನೇ ಕೊಳ್ಳಿ. ಭಜನೆ ಮಾತ್ರವಾದರೆ ಹಾರ್ಮೋನಿಯಂ.