ಡ್ರೈವರ್ ಎಷ್ಟು ಹೊತ್ತು ಓಡಿಸಿದ? ಪೆಟ್ಟಿಗೆ, ಕ್ಯಾಮೆರಾ, ನೋಟ್ ಪುಸ್ತಕ ಮೂರನ್ನೂ ನೋಡಿದ್ದಾಯ್ತು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನಲವತ್ತು ರೂಪಾಯಿ ನೋಟ್ ಪುಸ್ತಕಕ್ಕೆ. ಒಂಬತ್ತು ಸಾವಿರದ ಜಿಪಿಎಸ್ ಪೆಟ್ಟಿಗೆಯ ಮಾತು ಕೇಳಿ ಒಳ್ಳೆಯ ಡ್ರೈವರ್ ಒಬ್ಬನ ಮೇಲೆ ಕೂಗಾಡಿದ ಮೇಲೆ ಬಂದ ಬುದ್ಧಿ ಇದು.

ನಮ್ಮದು ಎರಡೇ ಲಾರಿ. ಸೀಸನ್‌ನಲ್ಲಿ ಕೋಲಾರ ಎಪಿಎಂಸಿಯಿಂದ ನಾಗಪುರಕ್ಕೆ ಟೊಮೆಟೊ, ಸಾವಿರ ಕಿಲೋಮೀಟರ್ ಮೇಲಾಗುತ್ತದೆ. ಬೆಳಿಗ್ಗೆ ಹರಾಜು, ಮಧ್ಯಾಹ್ನ ಲೋಡಿಂಗ್, ಸಂಜೆಗೆ ಗಾಡಿ ಬಿಡಬೇಕು. ಟೊಮೆಟೊ ಕಾಯುವುದಿಲ್ಲ, ಮಂಡಿಯವರು ಅದಕ್ಕಿಂತ ಮೊದಲೇ ಕಾಯುವುದಿಲ್ಲ. ಅದಕ್ಕೇ ಒಂದೊಂದು ಗಾಡಿಗೆ ಇಬ್ಬರು ಡ್ರೈವರ್.

'1961ರ ಸಾರಿಗೆ ಕಾರ್ಮಿಕರ ಕಾಯಿದೆ ಐದು ಜನ ಕೆಲಸದವರು ಇರುವವರಿಗೆ ಮಾತ್ರ, ನಮಗಲ್ಲ' ಅಂತ ಲಾರಿ ಸ್ಟ್ಯಾಂಡ್‌ನಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ 1988ರ ಮೋಟಾರು ವಾಹನ ಕಾಯಿದೆಯ 91ನೇ ಕಲಂ ಅದೇ ಗಂಟೆ ಲೆಕ್ಕವನ್ನು ಸಾರಿಗೆ ವಾಹನ ಓಡಿಸುವ ಎಲ್ಲರಿಗೂ ತಂದು ಹಾಕಿತ್ತು. ದಿನಕ್ಕೆ 8 ಗಂಟೆ, ವಾರಕ್ಕೆ 48. ದೂರದ ರೂಟಿಗೆ ಅನುಮತಿ ತಗೊಂಡರೂ ದಿನಕ್ಕೆ 10 ದಾಟುವಂತಿರಲಿಲ್ಲ. ಐದು ಗಂಟೆ ಕೆಲಸ ಆದರೆ ಅರ್ಧ ಗಂಟೆ ಬಿಡುವು ಕೊಡಲೇಬೇಕಿತ್ತು. (2025ರ ನವೆಂಬರ್‌ನಲ್ಲಿ ಆ 1961ರ ಕಾಯಿದೆ ರದ್ದಾಯ್ತು, ಇದು ಅದಕ್ಕೆ ಮೊದಲಿನ ಲೆಕ್ಕ.) ನಾಳೆ ಯಾರಾದರೂ ಲೆಕ್ಕ ಕೇಳಿದರೆ ಏನು ತೋರಿಸೋದು? ಅಲ್ಲಿಂದ ಶುರುವಾಯ್ತು ನನ್ನ ಪರದಾಟ.

ಪೆಟ್ಟಿಗೆ ಅಂದರೆ ಎಐಎಸ್ 140 ಅನ್ನೋ ಸರ್ಕಾರಿ ಮಾನದಂಡದ ಜಿಪಿಎಸ್. ನ್ಯಾಷನಲ್ ಪರ್ಮಿಟ್ ಗಾಡಿ, ಹೇಗೂ ಹಾಕಿಸಲೇಬೇಕಿತ್ತು. ಗಾಡಿ ಎಲ್ಲಿದೆ ಅಂತ ಸರ್ಕಾರಕ್ಕೂ ಹೋಗುತ್ತದೆ, ನನ್ನ ಮೊಬೈಲಿಗೂ ಬರುತ್ತದೆ. ಇದರಲ್ಲೇ ಡ್ರೈವರ್ ಗಂಟೆಯೂ ಸಿಕ್ಕಿಬಿಡುತ್ತದೆ ಅಂತ ಖುಷಿಪಟ್ಟೆ. ಮೂರನೇ ದಿನ ರಿಪೋರ್ಟ್ ನೋಡಿದರೆ ಇಂಜಿನ್ ಆನ್ 24 ಗಂಟೆ! ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆ. 'ಇಬ್ಬರೂ ಸೇರಿ ಸಾಯ್ತೀರಾ, ಗಾಡೀನೂ ಸಾಯಿಸ್ತೀರಾ' ಅಂದೆ. ಅವನು 'ಇಲ್ಲಣ್ಣ, ರಾತ್ರಿ ಢಾಬಾದಲ್ಲಿ ಐದು ಗಂಟೆ ಮಲಗಿದ್ವಿ' ಅಂದ. ನಾನು ನಂಬಲಿಲ್ಲ. ಯಂತ್ರ ಸುಳ್ಳು ಹೇಳುತ್ತಾ ಅನ್ನೋ ಗರ್ವ.

ವಾಪಸ್ ಬಂದವನು ಗಾಡಿ ನಿಲ್ಲಿಸಿದ, ಕೀ ಕಿತ್ತು ನನ್ನ ಅಂಗೈಯಲ್ಲಿಟ್ಟ. 'ಈಗ ಫೋನ್ ನೋಡಣ್ಣ' ಅಂದ. ಹಸಿರು ಚುಕ್ಕೆ, ಇಂಜಿನ್ ಆನ್. ಹತ್ತು ನಿಮಿಷ ಇಬ್ಬರೂ ಸುಮ್ನೆ ನಿಂತು ಆ ಚುಕ್ಕೆ ನೋಡಿದೆವು. ಎಲೆಕ್ಟ್ರಿಷಿಯನ್ ಬಂದು ಟೇಪ್ ಬಿಚ್ಚಿದರೆ ಕತೆ ಗೊತ್ತಾಯ್ತು. ಕೀ ಸ್ವಿಚ್ಚಿಗೆ ಹೋಗಬೇಕಿದ್ದ ವೈರನ್ನು ಫಿಟ್ ಮಾಡಿದ ಹುಡುಗ ಸೀದಾ ಬ್ಯಾಟರಿ ಪ್ಲಸ್‌ಗೆ ಸುತ್ತಿ ಹೋಗಿದ್ದ. ಪೆಟ್ಟಿಗೆ ಪಾಲಿಗೆ ನಮ್ಮ ಲಾರಿ ಯಾವತ್ತೂ ಆಫ್ ಆಗೋದೇ ಇಲ್ಲ. ಅಂಗಡಿಗೆ ಫೋನ್ ಮಾಡಿದರೆ 'ಲೊಕೇಷನ್ ಬರ್ತಿದೆಯಲ್ಲ ಸಾರ್' ಅಂದರು. ವೈರ್ ಸರಿ ಮಾಡಿಸಿದ್ದು ನನ್ನದೇ ದುಡ್ಡಲ್ಲಿ.

ಸರಿ ಆದಮೇಲೂ ಅಸಲು ತೊಂದರೆ ಹಾಗೇ ಉಳಿಯಿತು. ಪೆಟ್ಟಿಗೆಗೆ ಗಾಡಿ ಗೊತ್ತು, ಮನುಷ್ಯ ಗೊತ್ತಿಲ್ಲ. ಸ್ಟೀರಿಂಗ್ ಹಿಡಿದವನು ಯಾರು, ಹಿಂದೆ ಮಲಗಿದವನು ಯಾರು? ಯುರೋಪಿನ ಲಾರಿಗಳಲ್ಲಿ ಓಡಿಸಿದ ಗಂಟೆ ಲೆಕ್ಕ ಇಡೋ ಡಿಜಿಟಲ್ ಟ್ಯಾಕೋಗ್ರಾಫ್ ಅನ್ನೋ ಯಂತ್ರ 2006ರಿಂದ ಇದೆ. ಒಬ್ಬೊಬ್ಬ ಡ್ರೈವರ್‌ಗೂ ಅವನದೇ ಕಾರ್ಡು, ಇಬ್ಬರಿದ್ದರೆ ಇಬ್ಬರಿಗೂ ತೂರಿಸೋಕೆ ಜಾಗ. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ನಿಲ್ಲಿಸಬೇಕು, ನಿಲ್ಲಿಸದಿದ್ದರೆ ಕಾರ್ಡಿನಲ್ಲೇ ಬಿದ್ದಿರುತ್ತದೆ. ಅಮೆರಿಕದಲ್ಲೂ 2017ರ ಡಿಸೆಂಬರ್‌ನಿಂದ ಡ್ರೈವರ್ ಹೆಸರಲ್ಲೇ ಲೆಕ್ಕ ಇಡೋ ಯಂತ್ರ ಕಡ್ಡಾಯ. ನಮ್ಮ ಪೆಟ್ಟಿಗೆಯಲ್ಲಿ ಪ್ಯಾನಿಕ್ ಬಟನ್ ಇದೆ, ಕಾರ್ಡು ತೂರಿಸೋ ಜಾಗ ಇಲ್ಲ.

ಡ್ರೈವರ್ ಮುಖ ನೋಡೋ ಕ್ಯಾಮೆರಾ ಒಂದೇ ಟ್ರಿಪ್ಪಿಗೆ ಸಾಕಾಯ್ತು. ಕಣ್ಣು ಮುಚ್ಚಿದರೆ ಕಿರುಚುತ್ತದೆ ಅಂದಿದ್ದರು, ಕೂಲಿಂಗ್ ಗ್ಲಾಸ್ ಹಾಕಿದರೂ ಕಿರುಚಿತು. ಅನಂತಪುರ ದಾಟೋ ಹೊತ್ತಿಗೆ ಅದರ ಮೇಲೆ ಟವೆಲ್ ಬಿದ್ದಿತ್ತು.

ಇನ್ನು ಪುಸ್ತಕ. ಗೆರೆ ಹಾಕಿ ನಾಲ್ಕು ಕಾಲಂ ಮಾಡಿದೆ: ಸ್ಟೀರಿಂಗ್ ಹಿಡಿದ ಹೊತ್ತು, ಬಿಟ್ಟ ಹೊತ್ತು, ಊರು, ಸಹಿ. ಒಂದು ಗಾಡಿಯ ಇಬ್ಬರು ಡ್ರೈವರ್‌ಗಳಲ್ಲಿ ಒಬ್ಬ ಮುಳಬಾಗಿಲು ಕಡೆಯವನು, ತೆಲುಗಲ್ಲಿ ಬರೆಯುತ್ತಾನೆ. ಇನ್ನೊಬ್ಬ ಕನ್ನಡದಲ್ಲಿ. ಪುಟ ತೆರೆದರೆ ಸಾಕು, ಯಾರು ಎಲ್ಲಿಂದ ಎಲ್ಲಿಗೆ ಓಡಿಸಿದರು ಅಂತ ಅಕ್ಷರವೇ ಹೇಳುತ್ತದೆ. ನಮ್ಮ ಟ್ಯಾಕೋಗ್ರಾಫ್ ಕಾರ್ಡು ಅದೇ.

ಸುಳ್ಳು ಬರೆಯಲ್ವಾ? ಬರೆಯುತ್ತಾರೆ. ಒಂದು ಸಲ 'ಕೋಲಾರ ಬಿಟ್ಟಿದ್ದು ರಾತ್ರಿ 8' ಅಂತ ಇತ್ತು. ಬಾಗೇಪಲ್ಲಿ ಟೋಲ್‌ನಿಂದ ನನ್ನ ಫೋನಿಗೆ ಫಾಸ್ಟ್ಯಾಗ್ ಮೆಸೇಜ್ ಬಂದಿದ್ದು 8.10ಕ್ಕೆ. ಹತ್ತು ನಿಮಿಷದಲ್ಲಿ ಅಲ್ಲಿಗೆ ಹೆಲಿಕಾಪ್ಟರೂ ಹೋಗಲ್ಲ. ಮೆಸೇಜ್ ತೋರಿಸಿದೆ, ನಕ್ಕ, ಹೊಡೆದು ಹಾಕಿ ತಿದ್ದಿದ. ಈಗ ಟ್ರಿಪ್ ಮುಗಿದ ಮೇಲೆ ಫಾಸ್ಟ್ಯಾಗ್ ಮೆಸೇಜ್‌ಗಳನ್ನು ಪಕ್ಕದಲ್ಲಿಟ್ಟುಕೊಂಡು ಪುಸ್ತಕ ನೋಡುತ್ತೇನೆ. ಕಾಲು ಗಂಟೆ ಕೆಲಸ. ಟೋಲ್ ಇಲ್ಲದ ರಸ್ತೆಯಲ್ಲಿ ಈ ಉಪಾಯ ನಡೆಯಲ್ಲ, ಅದು ಒಪ್ಪಿಕೊಳ್ಳಬೇಕಾದ್ದೇ.

ಹತ್ತಿಪ್ಪತ್ತು ಗಾಡಿ ಇದ್ದವರಿಗೆ ಹೀಗೆ ಕೂತು ನೋಡೋಕೆ ಪುರುಸೊತ್ತು ಎಲ್ಲಿ, ಅವರು ಡ್ರೈವರ್ ಹೆಸರು ಹಾಕೋ ಸಾಫ್ಟ್‌ವೇರ್ ತಗೊಳ್ಳಲಿ. ಎರಡು ಲಾರಿಗೆ, ರಾತ್ರಿ ಊಟ ಆದಮೇಲೆ ಲೆಕ್ಕ ಬರೆಯೋ ಅಭ್ಯಾಸ ಇರೋ ನನ್ನಂಥವನಿಗೆ ಪುಸ್ತಕವೇ ಸಾಕು. ಪೆಟ್ಟಿಗೆ ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್‌ಗೆ) ಬೇಕು, ಅದರ ಪಾಡಿಗೆ ಇರಲಿ. ಕ್ಯಾಮೆರಾ ಬೀರು ಮೇಲಿದೆ, ಯಾರಿಗಾದರೂ ಬೇಕಿದ್ದರೆ ಅರ್ಧ ರೇಟಿಗೆ ಕೊಡುತ್ತೇನೆ. ಟವೆಲ್ ನಿಮ್ಮದೇ.