ನ್ಯೂಟನ್ ಮಾದರಿಯ ಜೇನುಪೆಟ್ಟಿಗೆ: ಫಾಲ್ಗುಣದಲ್ಲಿ ಮುಚ್ಚಳ ತೆರೆದಾಗ

ಜೇನುಪೆಟ್ಟಿಗೆಯ ಗುಣದೋಷ ಕೊಂಡ ದಿನ ತಿಳಿಯುವುದಿಲ್ಲ. ಕರಾವಳಿಯ ತೋಟಗಳಲ್ಲಿ ರಬ್ಬರ್ ಚಿಗುರಿ (ಅದರ ಮಕರಂದ ಬರುವುದು ಹೂವಿಗಿಂತ ಹೆಚ್ಚಾಗಿ ಎಲೆತೊಟ್ಟಿನ ಗ್ರಂಥಿಗಳಿಂದ), ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು) ಕುಟುಂಬ ತುಂಬಿ, ಒಡೆದು ಪಾಲಾಗಿ ಹಾರಿಹೋಗಲು ಹವಣಿಸುವ ಫಾಲ್ಗುಣದಲ್ಲಿ ಎರಿ (ಮೇಣದ ಕಣಗಳ ಹಾಳೆ) ಕಟ್ಟುವ ಮರದ ಚೌಕಟ್ಟುಗಳನ್ನು ಒಂದೊಂದಾಗಿ ಎತ್ತಿ ನೋಡಬೇಕಾಗುತ್ತದೆ. ಬಡಗಿಯ ಕೈಕೆಲಸ ಗೊತ್ತಾಗುವುದು ಆಗಲೇ.

ನಾನು ಹಿತ್ತಿಲಿಗೆ ತರಿಸಿದ್ದು ಸ್ಥಳೀಯ ತಯಾರಕರೊಬ್ಬರ ಹೆಬ್ಬಲಸಿನ ಪೆಟ್ಟಿಗೆ. 20ನೇ ಶತಮಾನದ ಆರಂಭದಲ್ಲಿ ತಿರುಚಿರಾಪಳ್ಳಿಯಲ್ಲಿ ಪಾದ್ರಿ ನ್ಯೂಟನ್ ಅವರು ನಮ್ಮ ದೇಶದ ಜೇನಿಗೆಂದೇ ರೂಪಿಸಿದ ಮಾದರಿಯದು. ಮಳೆಗಾಲ ಕಳೆದರೂ ಹಲಗೆ ಬಾಗಿಲ್ಲ, ಮೂಲೆಗಳು ಬಿಟ್ಟುಕೊಂಡಿಲ್ಲ. ಅಡಿಹಲಗೆ ಬೇರೆಯಾಗಿ ಬರುವುದರಿಂದ ಅಲ್ಲಿ ಉದುರಿದ ಮೇಣದ ಪುಡಿಯನ್ನು ಗುಡಿಸಿ ಹಾಕಬಹುದು. ಮೇಣದ ಹುಳು ಮೊದಲು ಸೇರಿಕೊಳ್ಳುವುದು ಆ ಕಸದಲ್ಲೇ ಆದ್ದರಿಂದ ಇದು ಸಣ್ಣ ಅನುಕೂಲವಲ್ಲ.

ರಾಣಿ ಮೊಟ್ಟೆಯಿಟ್ಟು ಮರಿ ಬೆಳೆಯುವ ಕೆಳಗಿನ ಸಂಸಾರ ಕೋಣೆಯ ಬಗ್ಗೆ ದೂರಿಲ್ಲ. ತೆಂಗಿನ ಸಿಪ್ಪೆಯ ಹೊಗೆ ತುಸುವೇ ಕೊಟ್ಟು ಎತ್ತಿದಾಗ ಚೌಕಟ್ಟು ಪಕ್ಕದ ಎರಿಗೆ ಉಜ್ಜದೆ ನೇರವಾಗಿ ಮೇಲೆ ಬಂತು. ಬಿಸಿಲಿಗೆ ಬೆನ್ನು ಹಾಕಿ ಓರೆ ಹಿಡಿದರೆ ಕಣಗಳ ತಳದಲ್ಲಿ ಒಂದೊಂದೇ ಮೊಟ್ಟೆ ಬಿಳಿ ದಾರದ ತುಣುಕಿನಂತೆ ನಿಂತಿತ್ತು. ಹೊಸ ಮೊಟ್ಟೆ ಕಂಡ ಮೇಲೆ ರಾಣಿಯನ್ನು ಹುಡುಕುತ್ತಾ ಕುಟುಂಬವನ್ನು ಕೆದಕುವ ಅಗತ್ಯವಿಲ್ಲ. ಎರಿಯ ಕೆಳಭಾಗದಲ್ಲಿ ಗಂಡುನೊಣದ ಕಣಗಳು, ಅವುಗಳ ಉಬ್ಬಿದ ಮುಚ್ಚಳದ ತುದಿಯಲ್ಲಿ ಸೂಜಿಮೊನೆಯಷ್ಟು ರಂಧ್ರ. ಅಂಚಿನಲ್ಲಿ ರಾಣಿಕಣಗಳ (ಹೊಸ ರಾಣಿ ಬೆಳೆಯುವ ಕಣ, ಪಾಲಾಗುವ ಸೂಚನೆ) ಬುಡ ಮಾತ್ರ ಎದ್ದಿತ್ತು. ಮೊಟ್ಟೆಯಿಟ್ಟ ಸುಮಾರು 8 ದಿನದೊಳಗೆ ರಾಣಿಕಣ ಮುಚ್ಚಿಬಿಡುವುದರಿಂದ ಈ ಹಂತದಲ್ಲಿ ವಾರಕ್ಕೊಮ್ಮೆ ತೆರೆಯುವುದು ಅನಿವಾರ್ಯ, ಹಾಗಾಗಿಯೇ ಸಲೀಸಾಗಿ ತೆರೆಯುವ ಪೆಟ್ಟಿಗೆಗೆ ಬೆಲೆ.

ಆದರೆ ಜೇನುತುಪ್ಪ ಕೂಡಿಡುವ ಮೇಲಿನ ಜೇನುಕೋಣೆಗೆ ಅದೇ ಶ್ರದ್ಧೆ ಸಂದಿಲ್ಲ. ಯುರೋಪಿನ ಮೆಲ್ಲಿಫೆರಾ ಜೇನು ಮರದ ಅಂಟು ತಂದು ಸಂದುಗಳನ್ನು ಮೆತ್ತುತ್ತದೆ. ತುಡುವೆಗೆ ಆ ಅಭ್ಯಾಸವಿಲ್ಲದ ಕಾರಣ ಚೌಕಟ್ಟು ಕಚ್ಚಿಕೊಂಡರೆ ಮೊದಲು ಅಳತೆಯನ್ನೇ ಸಂಶಯಿಸಬೇಕು. ನೊಣಗಳ ಓಡಾಟಕ್ಕೆ 7ರಿಂದ 9 ಮಿಲಿಮೀಟರ್ ಸಾಕು, ಅದಕ್ಕಿಂತ ಹೆಚ್ಚು ತೆರಪಿದ್ದಲ್ಲಿ ಅವು ಎರಿ ಕಟ್ಟುತ್ತವೆ. ಇಲ್ಲಿ ಎರಡು ಕೋಣೆಗಳ ಚೌಕಟ್ಟುಗಳ ನಡುವೆ ಕಿರುಬೆರಳು ಆಚೀಚೆ ಅಲ್ಲಾಡುವಷ್ಟು ಜಾಗ ಉಳಿದಿದೆ. ಮೇಲಿನ ಚೌಕಟ್ಟು ಎತ್ತಿದಾಗ ಅಲ್ಲಿ ಕಟ್ಟಿದ್ದ ಅಡ್ಡ ಎರಿ ಹರಿದು ಜೇನುತುಪ್ಪ ಮರಿಗಳ ಮೇಲೆ ಸುರಿಯಿತು, ಸ್ವಲ್ಪ ಹೊತ್ತಿನಲ್ಲೇ ಇರುವೆ ಸಾಲುಗಟ್ಟಿತು. ತಯಾರಕರಿಗೆ ತಿಳಿಸಿದಾಗ ಎಲ್ಲರಿಗೂ ಹೀಗೆಯೇ ಕೊಡುತ್ತಿದ್ದೇವೆ ಎಂಬ ಉತ್ತರ ಬಂತು, ಅದು ಸಮಾಧಾನವೋ ಎಚ್ಚರಿಕೆಯೋ ತಿಳಿಯಲಿಲ್ಲ.

ಸಂಸಾರ ಕೋಣೆ, ಅಡಿಹಲಗೆ, ಮುಚ್ಚಳಗಳನ್ನು ಇವರಲ್ಲಿ ಧೈರ್ಯವಾಗಿ ಕೊಳ್ಳಬಹುದು. ಜೇನುಕೋಣೆಯನ್ನು ಮಾತ್ರ ಚೌಕಟ್ಟು ಸಮೇತ ಜೋಡಿಸಿ, ಅಳತೆಕೋಲು ಇಟ್ಟು ನೋಡಿದ ಮೇಲೆಯೇ ಹಣ ಕೊಡಬೇಕು.