ಎಂಜಿಬಿ ರೋಡ್‌ಸ್ಟರ್‌ಗೆ ಸಿಲ್ ಪ್ಯಾನೆಲ್ ಸೆಟ್: ತಗಡು ಗಟ್ಟಿ, ಸೂಚನೆ ಸೊನ್ನೆ

ಎಂಜಿಬಿ ಎಂಬ ಹಳೆಯ ಬ್ರಿಟಿಷ್ ತೆರೆದ ಕಾರಿನ ಸಿಲ್‌ಗೆ, ಅಂದರೆ ಬಾಗಿಲ ಕೆಳಗೆ ಉದ್ದಕ್ಕೂ ಸಾಗುವ ಪೆಟ್ಟಿಗೆಯಂಥ ಭಾಗಕ್ಕೆ, ಇದು ಬದಲಿ ತಗಡಿನ ಸೆಟ್. ತಗಡಿನ ದಪ್ಪಕ್ಕೆ ತಕರಾರಿಲ್ಲ. ಒಳಗಿನ ಮೆಂಬ್ರೇನ್ (ಸಿಲ್‌ನ ಒಳಗೆ ನಿಲ್ಲುವ ತಗಡು) ಚೆನ್ನಾಗಿ ಕೂರುತ್ತದೆ; ಹೊರ ಸಿಲ್‌ನ ಮುಂದಿನ ತುದಿಯನ್ನು ಮಾತ್ರ ತುಸು ಉಜ್ಜಬೇಕು.

ಕೊರತೆ ಇರುವುದು ಜೊತೆಗೆ ಬರುವ ಚೀಟಿಯಲ್ಲಿ. 1962ರಿಂದ 1980ರವರೆಗೆ ತಯಾರಾದ ಈ ಕಾರಿಗೆ ಬೇರೆ ಚಾಸಿಸ್ (ಬಾಡಿಯನ್ನು ಹೊರುವ ಕೆಳಗಿನ ಚೌಕಟ್ಟು) ಇಲ್ಲ, ಗಟ್ಟಿ ಚಾವಣಿಯೂ ಇಲ್ಲ. ಭಾರವೆಲ್ಲ ಸಿಲ್ ಮೇಲೆಯೇ. ಬಾಗಿಲ ಜಾಗಕ್ಕೆ ಅಡ್ಡ ಕಂಬಿ ವೆಲ್ಡ್ ಮಾಡದೆ ಹಳೆಯದನ್ನು ಕತ್ತರಿಸಿದರೆ ಬಾಡಿ ನಡುವಲ್ಲಿ ಜಗ್ಗುತ್ತದೆ, ಆಮೇಲೆ ಬಾಗಿಲು ಮುಚ್ಚುವುದಿಲ್ಲ. ಇಷ್ಟು ಮುಖ್ಯ ವಿಷಯ ಚೀಟಿಯಲ್ಲೇ ಇಲ್ಲ!

ಬಾಗಿಲು ಕೂರಿಸಿ, ಸಿಲ್‌ಗೆ ಕ್ಲ್ಯಾಂಪ್ ಹಾಕಿ, ಸುತ್ತಲಿನ ಸಂದು ಸಮವಿದೆಯೇ ನೋಡಿ, ಆಮೇಲೆ ವೆಲ್ಡ್. ವೆಲ್ಡ್ ಬೀಳುವ ಕಡೆ ತಗಡಿನ ಮೇಲಿನ ಕಪ್ಪು ಬಣ್ಣವನ್ನು ಪೂರ್ತಿ ತೆಗೆಯಿರಿ, ಇಲ್ಲದಿದ್ದರೆ ಗುಳ್ಳೆ ಏಳುತ್ತದೆ. ವೆಲ್ಡ್ ಆದ ಮೇಲೆ ಬಳಿದ ಹೊಸ ಬಣ್ಣ ಒಣಗಿದ ನಂತರ ಸಿಲ್ ಒಳಗೆ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ) ಸಿಂಪಡಿಸಿ. ಒಂದು ಬದಿ ಮುಗಿಯುವ ತನಕ ಇನ್ನೊಂದನ್ನು ಕತ್ತರಿಸಲೇಬೇಡಿ.